ವಾರಗಿತ್ತಿಯ ಹೊಸ ಲ್ಯಾಪ್‌ಟಾಪು

ಎರಡು ಜಡೆ ಒಂದು ಕಡೆ ಸೇರುವುದಿಲ್ಲ ಅಂತ ಗಾದೆ ಕಟ್ಟಿದವರು ನಮ್ಮ ಮನೆಗೆ ಬಂದು, ನೋಡಿ, ಆಮೇಲೆ ಕಟ್ಟಿರಬೇಕು. ನಾನೂ ನನ್ನ ವಾರಗಿತ್ತಿಯೂ ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಬಾಳಿದ್ದರ ಗುಟ್ಟು ದೊಡ್ಡದೇನಲ್ಲ. ಅವಳು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ಹಗಲು ಹೊತ್ತು ಮನೆ ನನ್ನದು. ಮಹಡಿಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ನೇತುಹಾಕಿದ ಅರ್ಧಂಬರ್ಧ ಕೋಟುಗಳು. ಹೊಲಿಯುತ್ತಾ ನನಗೆ ಬೇಕಾದವರನ್ನು ಬೇಕಾದಷ್ಟು ಬೈದುಕೊಳ್ಳಬಹುದಿತ್ತು. ಯಾಕೆ ಅಂತ ಕೇಳುವವರಿರಲಿಲ್ಲ.

ಅವಳು ಟೈಪಿಸ್ಟ್. ದೊಡ್ಡಾಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಡಾಕ್ಟರು ಚಿತ್ರ ನೋಡುತ್ತಾ ಬಾಯಲ್ಲಿ ಹೇಳಿದ್ದನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ರಿಪೋರ್ಟು ಟೈಪ್ ಮಾಡುವ ಕೆಲಸ. ಮನೆಯಲ್ಲಿ ಅವಳಿಗೆ ಟಕಟಕ ಅಂತಲೇ ಹೆಸರು. ಇಟ್ಟವಳು ನಾನು. ಊಟಕ್ಕೆ ಕೂತರೂ ಅವಳ ಬೆರಳುಗಳು ತಟ್ಟೆಯ ಅಂಚಿನ ಮೇಲೆ ಏನನ್ನೋ ಟೈಪ್ ಮಾಡುತ್ತಿರುತ್ತವೆ. ಹುಡುಗಿಯಾಗಿದ್ದಾಗ ಟೈಪಿಂಗ್ ಕ್ಲಾಸಿನ ಟೀಚರಮ್ಮ ಮಕ್ಕಳ ಕೈಗಳ ಮೇಲೆ ಒಂದು ಬಟ್ಟೆ ಹೊದಿಸಿಬಿಡುತ್ತಿದ್ದರಂತೆ, ಯಾರೂ ಕೀಗಳನ್ನು ನೋಡಬಾರದು ಅಂತ. ಬಟ್ಟೆ ಸರಿಸಿದವರ ಗೆಣ್ಣಿಗೆ ಸ್ಕೇಲಿನ ಏಟು. ಅವತ್ತಿನಿಂದ ಇವತ್ತಿನವರೆಗೆ ಅವಳು ಕೀಬೋರ್ಡಿನ ಮುಖ ನೋಡಿದವಳಲ್ಲ. ಆಸ್ಪತ್ರೆಯಲ್ಲಿ ಅವಳ ಕೀಬೋರ್ಡಿನ ಮೇಲಿನ ಅಕ್ಷರಗಳೆಲ್ಲ ಸವೆದು ಬೋಳಾಗಿದ್ದವಂತೆ. ಬೇರೆ ಯಾರೂ ಅಲ್ಲಿ ಕೂತು ಒಂದು ಸಾಲು ಹೊಡೆಯಲು ಆಗುತ್ತಿರಲಿಲ್ಲ ಅನ್ನುವುದು ಅವಳಿಗೆ ಹೆಮ್ಮೆಯ ವಿಷಯ.

"ನಾನು ತಪ್ಪು ಟೈಪ್ ಮಾಡಲ್ಲ ಅಕ್ಕ," ಅಂತ ಅವಳು ಹೇಳುವಾಗ ಜಂಬ ಇರುವುದಿಲ್ಲ. ನನಗೆ ಎರಡು ಕಿವಿ ಇವೆ ಅಂದ ಹಾಗೆ ಹೇಳುತ್ತಾಳೆ. ನನಗೆ ಅದಕ್ಕೇ ಹೆಚ್ಚು ಸಿಟ್ಟು ಬರುತ್ತಿತ್ತು.

ಅವಳ ಇನ್ನೊಂದು ನಿಯಮ, ಇವತ್ತಿನ ರಿಪೋರ್ಟು ಇವತ್ತೇ. ಮೈದುನನಿಗೆ ಜ್ವರ ಬಂದ ದಿನವೂ ಮೇಜು ಖಾಲಿ ಮಾಡದೆ ಮನೆಗೆ ಬರಲಿಲ್ಲ. ಇದೇನು ಆಸ್ಪತ್ರೆಯನ್ನು ಇವಳ ತಲೆ ಮೇಲೆ ಕಟ್ಟಿದ್ದಾರೆಯೇ ಅಂತ ನಾನು ಒಂದು ಸಲ ಜೋರಾಗಿಯೇ ಕೇಳಿದ್ದೆ. ಅವಳು ಸಿಟ್ಟಾಗದೆ ಹೇಳಿದಳು. ಅವಳ ಅಮ್ಮನ ಎದೆಯ ಎಕ್ಸ್-ರೇ ತೆಗೆದು, ಡಾಕ್ಟರು ನೋಡಿ, ಏನು ಅಂತ ಹೇಳಿಯೂ ಆಗಿತ್ತಂತೆ. ಆದರೆ ಅಲ್ಲಿನ ಟೈಪಿಸ್ಟ್ ರಜದಲ್ಲಿದ್ದಳು. ಬೇರೆ ಯಾರಿಗಾದರೂ ಕೊಡೋಣ ಅಂತ ಯಾರಿಗೂ ತೋಚಲಿಲ್ಲ. ರಿಪೋರ್ಟು ಕೈಗೆ ಬರುವ ಹೊತ್ತಿಗೆ ಮಾಡುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ಇದನ್ನು ಹೇಳಿ ಅವಳು ಪಾತ್ರೆ ತೊಳೆಯಲು ಎದ್ದು ಹೋದಳು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಹೀಗಿರುವಾಗ ಆಸ್ಪತ್ರೆಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂತು. ಅದನ್ನಿಡಲು ಜಾಗ ಇರಲಿಲ್ಲ. ಟೈಪಿಂಗ್ ಕೋಣೆ ಕಣ್ಣಿಗೆ ಬಿತ್ತು. ಇನ್ನು ಮೇಲೆ ಟೈಪಿಸ್ಟರೆಲ್ಲ ಮನೆಯಿಂದಲೇ ಕೆಲಸ ಮಾಡಬೇಕು, ಕಂಪ್ಯೂಟರು ಸ್ವಂತದ್ದಾಗಿರಬೇಕು, ಅದು ಆಸ್ಪತ್ರೆಯ ನೆಟ್‌ವರ್ಕಿಗೆ ಸೇರಬೇಕು ಅಂತ ಆದೇಶ ಬಂತು. ಶನಿವಾರ ಸಂಜೆಯೊಳಗೆ ಯಾರ ಕಂಪ್ಯೂಟರು ನೆಟ್‌ವರ್ಕಿನೊಳಗೆ ಬರುವುದಿಲ್ಲವೋ ಅವರ ಪಾಲಿನ ಕೆಲಸ ಸೋಮವಾರ ಬೆಳಿಗ್ಗೆಯ ಮೀಟಿಂಗಿನಲ್ಲಿ ಹೊರಗಿನ ಕಂಪನಿಗೆ. ಜೊತೆಯಲ್ಲಿದ್ದ ಇಬ್ಬರು, ನಮಗೆ ಈ ರಗಳೆ ಬೇಡ ಅಂತ ಕೆಲಸ ಬಿಟ್ಟರು. ನಮ್ಮ ಮನೆಯಲ್ಲೂ ಗಂಡಸರು ಇಬ್ಬರೂ ಅದನ್ನೇ ಹೇಳಿದರು. "ಸಾಕು ಬಿಡಮ್ಮ, ಇನ್ನೆಷ್ಟು ದಿನ ಕುಟ್ತೀಯಾ," ಅಂದರು ನಮ್ಮ ಯಜಮಾನರು. ಮೈದುನ, "ಆರಾಮಾಗಿ ಮನೇಲಿರು," ಅಂದ. ಮನೆಯಲ್ಲಿರುವವರು ಆರಾಮಾಗಿರುತ್ತಾರೆ ಅಂತ ಈ ಗಂಡಸರಿಗೆ ಯಾರು ಹೇಳಿಕೊಟ್ಟರೋ.

ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಅವಳು ಮಾರನೆಯ ದಿನವೇ ಹೋಗಿ ಲ್ಯಾಪ್‌ಟಾಪು ತಂದಳು. ಅಂಗಡಿಯವನು ಇದಕ್ಕಿಂತ ಹೊಸದು ಲೋಕದಲ್ಲೇ ಇಲ್ಲ ಅಂದಿದ್ದನಂತೆ. ಅದನ್ನು ಹೊತ್ತುಕೊಂಡು ನೇರ ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಹೋದಳು. ಅಲ್ಲೊಬ್ಬ ಇದ್ದಾನೆ. ಏನು ಕೇಳಿದರೂ ಅವನ ಬಾಯಿಂದ ಬರುವ ಮೊದಲ ಮಾತು "ಆಗಲ್ಲ". ಟೈಪಿಸ್ಟರೆಲ್ಲ ಸೇರಿ ಅವನಿಗೆ ಆಗಲ್ಲಪ್ಪ ಅಂತ ಹೆಸರಿಟ್ಟಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಜಾತಿಯವನು.

ಆಗಲ್ಲಪ್ಪ ಲ್ಯಾಪ್‌ಟಾಪು ತೆರೆದು ನೋಡಿ ತಲೆಯಾಡಿಸಿದ. "ಇದರಲ್ಲಿರೋದು ಮನೆ ಬಳಕೆ ಸಿಸ್ಟಮ್ಮು ಮೇಡಂ. ನಮ್ಮ ನೆಟ್‌ವರ್ಕು ಇದನ್ನ ಬಾಗಿಲಲ್ಲೇ ನಿಲ್ಲಿಸುತ್ತೆ. ರೋಗಿಗಳ ವಿಷಯ ಹೊರಗೆ ಸೋರಬಾರದು ಅಂತ ನಮ್ಮದೇ ಬೇರೆ ಸಿಸ್ಟಮ್ ಇದೆ, ಅದನ್ನ ಹಾಕ್ಕೊಂಡು ಬನ್ನಿ."

"ನೀವೇ ಹಾಕ್ಕೊಡಿ."

"ಆಗಲ್ಲ. ಸ್ವಂತದ ಮಷಿನ್ ನಾವು ಮುಟ್ಟೋ ಹಾಗಿಲ್ಲ."

ಅವನು ಕೊಟ್ಟದ್ದು ಒಂದು ಪೆನ್‌ಡ್ರೈವು, ಏನೇನು ಮಾಡಬೇಕು ಅಂತ ಅಚ್ಚು ಹಾಕಿದ ನಾಲ್ಕು ಹಾಳೆ, ಮತ್ತು ಅಂಟಿಸಿದ ಒಂದು ಲಕೋಟೆ. ಲಕೋಟೆಯೊಳಗೆ ಅವಳ ಹೆಸರಿನ ಕೋಡು. ಸಿಸ್ಟಮ್ ಬದಲಾಯಿಸಿದ ಮೇಲೆ ಆ ಕೋಡನ್ನು ಟೈಪ್ ಮಾಡಿದರೆ ನೆಟ್‌ವರ್ಕು ಬಾಗಿಲು ತೆಗೆಯುತ್ತದೆ. ಅಲ್ಲಿಂದ ಅವಳು ಅಂಗಡಿಗೆ ಹೋದಳು. ಅಂಗಡಿಯವನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ಡಬ್ಬಿ ಒಡೆದ ಮೇಲೆ ವಾಪಸು ತಗೊಳ್ಳಲು ಬರುವುದಿಲ್ಲವಂತೆ, ಸಿಸ್ಟಮ್ ಬದಲಾಯಿಸುವ ಹುಡುಗ ಮುಂದಿನ ವಾರ ಬರುತ್ತಾನಂತೆ, ಅಲ್ಲಿಯವರೆಗೆ ಕೂತು ತಂಪಾಗಿ ಏನಾದರೂ ಕುಡಿಯಬಹುದಂತೆ. ಅವಳು ಕುಡಿಯದೆ ಮನೆಗೆ ಬಂದಳು.

ಮೆಟ್ಟಿಲು ಹತ್ತಿ ನೇರ ನನ್ನ ಕೋಣೆಗೇ ಬಂದಳು. "ಅಕ್ಕ, ನಿಮ್ಮ ಕಟಿಂಗ್ ಮೇಜು ಬೇಕು."

"ಯಾಕೆ, ಊಟದ ಮೇಜಿಗೇನಾಗಿದೆ?"

"ಇಂಟರ್ನೆಟ್ ಡಬ್ಬಿ ಇರೋದು ನಿಮ್ಮ ಕೋಣೆಲಿ. ಹಾಳೆಲಿ ಬರ್ದಿದಾರೆ, ಮೊದಲನೇ ಸಲ ವೈರ್ ಹಾಕಿಯೇ ಮಾಡ್ಬೇಕಂತೆ."

ಮೇಜಿನ ಮೇಲೆ ಆಗಷ್ಟೇ ಗುರುತು ಹಾಕಿದ ಕೋಟಿನ ಬಟ್ಟೆ ಹರಡಿತ್ತು. ನಾನು ಮುಖ ಊದಿಸಿಕೊಂಡು ಅದನ್ನು ಮಡಿಸಿದೆ. ಇವಳು ಇವತ್ತು ಮೇಜು ಕೇಳಿದಳು, ನಾಳೆ ಕೋಣೆ ಕೇಳುತ್ತಾಳೆ, ಆಮೇಲೆ ಹಗಲಿಡೀ ಇಲ್ಲೇ ಕೂತು ನನ್ನ ಬೈಗುಳ ಕೇಳಿಸಿಕೊಳ್ಳುತ್ತಾಳೆ ಅಂತ ಅನಿಸಿತು. ಅನಿಸಿದ್ದು ಸುಳ್ಳೇನಲ್ಲ. ವೈರು ಗಿಡ್ಡ, ಲ್ಯಾಪ್‌ಟಾಪು ಹೊಲಿಗೆ ಮಷಿನ್ನಿಗೆ ಅಂಟಿಕೊಂಡೇ ಕೂರಬೇಕಾಯಿತು. ಮಷಿನ್ ತುಳಿದರೆ ಮೇಜು ಅಲುಗುತ್ತದೆ ಅಂತ ನಾನು ಕೈಯಲ್ಲಿ ಗುಂಡಿ ಹೊಲಿಯಲು ಕೂತೆ.

ನನಗೆ ಕಂಪ್ಯೂಟರು ಗೊತ್ತಿಲ್ಲ. ಸಿಸ್ಟಮ್ಮು ಅಂದರೆ ಕೋಟಿನೊಳಗಿನ ಲೈನಿಂಗ್ ಇದ್ದ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ. ಹೊರಗೆ ಕಾಣುವುದಿಲ್ಲ, ಆದರೆ ಕೋಟು ಮೈ ಮೇಲೆ ಕೂರುವುದು ಅದರಿಂದ. ಹೊಚ್ಚ ಹೊಸ ಕೋಟು ತಂದು, ಒಂದು ಸಲವೂ ತೊಡದೆ, ಲೈನಿಂಗ್ ಹರಿದು ಬೇರೆ ಹಾಕುವುದು ಅಂದರೆ ನನಗೆ ಮನಸ್ಸೇ ಬರುವುದಿಲ್ಲ. ಅವಳಿಗೆ ಅದೇನೂ ಇಲ್ಲ. ಹಾಳೆಯನ್ನು ಮಷಿನ್ನಿನ ಚಕ್ರಕ್ಕೆ ಒರಗಿಸಿ, ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದಳು.

ಲ್ಯಾಪ್‌ಟಾಪು ಆನ್ ಮಾಡಿದ ಕೂಡಲೇ ಒಂದು ಕೀ ಒತ್ತಿ ಹಿಡಿಯಬೇಕು. ಸ್ವಲ್ಪ ತಡವಾದರೆ ಹಳೆಯ ಸಿಸ್ಟಮ್ಮೇ ಎದ್ದು, ಸ್ವಾಗತ ಅನ್ನುತ್ತದೆ. ಅದು ಸ್ವಾಗತ ಅಂದಿತು, ಅವಳು ಆರಿಸಿದಳು. ಮತ್ತೆ ಸ್ವಾಗತ ಅಂದಿತು, ಮತ್ತೆ ಆರಿಸಿದಳು. ಕರೆಯದ ಮನೆಗೆ ಹೋದರೂ ಇಷ್ಟು ಸ್ವಾಗತ ಸಿಗುವುದಿಲ್ಲ ಅಂದೆ ನಾನು. ಕೊನೆಗೆ ಕಪ್ಪು ಪರದೆ ಬಂತು, ಪೆನ್‌ಡ್ರೈವಿನಿಂದ ಹೊಸದು ಏಳತೊಡಗಿತು. ಆಮೇಲೊಂದು ಪ್ರಶ್ನೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ, ಒಪ್ಪಿಗೆಯೇ?

"ಯೋಚ್ನೆ ಮಾಡೇ," ಅಂದೆ. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

ಅವಳು ಒಪ್ಪಿಗೆ ಒತ್ತಿಯೇ ಬಿಟ್ಟಿದ್ದಳು. ಬೆವರಿದ್ದು ನಾನು.

ಹೊಸ ಸಿಸ್ಟಮ್ಮಿಗೆ ಆ ಲ್ಯಾಪ್‌ಟಾಪಿನ ಅರ್ಧ ಅಂಗಗಳ ಪರಿಚಯವೇ ಇರಲಿಲ್ಲ. ಬೆರಳು ಸವರಿದರೆ ಬಾಣದ ಗುರುತು ಓಡಾಡಬೇಕಲ್ಲ, ಓಡಾಡಲಿಲ್ಲ. ವೈರಿಲ್ಲದೆ ಇಂಟರ್ನೆಟ್ಟು ಹಿಡಿಯಲಿಲ್ಲ. ಅವಳು ಎದೆಗುಂದದೆ ಎಲ್ಲವನ್ನೂ ಕೀಗಳಿಂದಲೇ ನಡೆಸಿದಳು. ಒಂದೊಂದೇ ಮೆಟ್ಟಿಲು ದಾಟಿ ಕೋಡು ಕೇಳುವ ಜಾಗಕ್ಕೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಲಕೋಟೆ ಒಡೆದು, ಕಾಗದ ನೋಡಿ ಟಕಟಕ ಹೊಡೆದಳು. ಪರದೆಯ ಮೇಲೆ ಬರೀ ಚುಕ್ಕೆ ಬಿದ್ದವು, ಬೇರೆಯವರಿಗೆ ಕಾಣಬಾರದಲ್ಲ. ಸರಿಯಿಲ್ಲ ಅಂತ ಬಂತು. ಮತ್ತೆ ಹೊಡೆದಳು, ಸರಿಯಿಲ್ಲ. ಮೂರನೆಯ ಸಲಕ್ಕೆ ಬಾಗಿಲು ಮುಚ್ಚಿ, ನಾಳೆ ಬನ್ನಿ ಅಂದಿತು.

ಆಗಲ್ಲಪ್ಪನಿಗೆ ಫೋನ್ ಮಾಡಿದಳು. "ಕೋಡ್ ಸರಿ ಇದೆ ಮೇಡಂ. ನೀವು ತಪ್ಪು ಟೈಪ್ ಮಾಡಿರ್ತೀರ," ಅಂದ.

ಅವಳ ಮುಖ ಕೆಂಪಾಯಿತು. "ನಾನು ತಪ್ಪು ಟೈಪ್ ಮಾಡಲ್ಲ," ಅಂದು ಫೋನಿಟ್ಟಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ತಪ್ಪು ತನ್ನ ಬೆರಳಲ್ಲಿ ಇರಲಾರದು, ಹಾಗಾದರೆ ಸಿಸ್ಟಮ್ ಕೂತಿರುವ ರೀತಿಯಲ್ಲೇ ಇರಬೇಕು ಅಂತ ತೀರ್ಮಾನಿಸಿದಳು. ಮಾರನೆಯ ದಿನ ಅಷ್ಟನ್ನೂ ಅಳಿಸಿ, ಮೊದಲಿನಿಂದ ಹಾಕಿದಳು. ಈ ಸಲ ಕೋಡು ಹೊಡೆದು, ಪಕ್ಕದಲ್ಲಿದ್ದ ಕಣ್ಣಿನ ಚಿತ್ರ ಒತ್ತಿ ನೋಡಿದಳು. ಚುಕ್ಕೆಗಳು ಹೋಗಿ ಅಕ್ಷರ ಕಂಡವು. ಕಾಗದದಲ್ಲಿ ಇದ್ದ ಹಾಗೇ ಇವೆ ಅಂದಳು. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ, ಇದ್ದ ಹಾಗೇ ಇದ್ದವು. ಆದರೂ ಬಾಗಿಲು ತೆರೆಯಲಿಲ್ಲ.

ಆ ಸಂಜೆ ಊಟದ ಮೇಜಿನಲ್ಲಿ ನಮ್ಮ ಯಜಮಾನರು, "ಯಂತ್ರಕ್ಕೇ ಇಷ್ಟ ಇಲ್ಲ ಅಂದ್ಮೇಲೆ ಬಿಡಬಾರ್ದಾ," ಅಂತ ನಕ್ಕರು. ಮೈದುನನೂ ನಕ್ಕ. ಅವಳು ತಲೆ ಎತ್ತದೆ ಊಟ ಮಾಡುತ್ತಿದ್ದಳು. ತಟ್ಟೆಯ ಅಂಚಿನ ಮೇಲೆ ಬೆರಳು ಓಡುತ್ತಿರಲಿಲ್ಲ. ಅದನ್ನು ನೋಡಿ ನನಗೆ ಯಾಕೋ ಗಂಡಸರ ಮೇಲೆ ರೇಗಿತು. ಇವಳನ್ನು ಆಡಿಕೊಳ್ಳುವುದಿದ್ದರೆ ನಾನು ಆಡಿಕೊಳ್ಳಬೇಕು, ಇವರು ಯಾರು? "ನೀವಿಬ್ಬರೂ ಸೇರಿ ಒಂದು ಬಲ್ಬು ಬದಲಾಯಿಸಿ ನೋಡೋಣ," ಅಂದೆ. ಆಮೇಲೆ ಯಾರೂ ನಗಲಿಲ್ಲ.

ಶುಕ್ರವಾರ ಆಗಲ್ಲಪ್ಪ ಇನ್ನೊಂದು ವಿಷಯ ಹೇಳಿದ. ಇನ್ನೊಂದೇ ಒಂದು ಸಲ ತಪ್ಪಿದರೆ ಆ ಕೋಡೇ ರದ್ದಾಗುತ್ತದೆ. ಹೊಸ ಕೋಡು ಸೋಮವಾರ. ಸೋಮವಾರ ಅಂದರೆ ಅವಳ ಕೆಲಸ ಹೊರಗಿನ ಕಂಪನಿಗೆ ಹೋಗಿ ಆಗಿರುತ್ತದೆ.

ಶನಿವಾರ ಬೆಳಿಗ್ಗೆ ಅವಳು ಮೂರನೆಯ ಸಲ ಎಲ್ಲ ಅಳಿಸಿದಳು. ಹಾಳೆಯ ಒಂದೊಂದು ಸಾಲಿನ ಮೇಲೂ ಸ್ಕೇಲು ಇಟ್ಟುಕೊಂಡು, ಒಂದು ಸಾಲು ಮುಗಿಯದೆ ಇನ್ನೊಂದಕ್ಕೆ ಹೋಗದೆ ಹಾಕಿದಳು. ನಾನು ಹೊಲಿಗೆ ಪೂರಾ ನಿಲ್ಲಿಸಿಬಿಟ್ಟೆ. ಒಬ್ಬರ ಕೋಟು ತಡವಾದರೆ ಚಳಿ, ಅಷ್ಟೇ ತಾನೆ. ಕೋಡಿನ ಜಾಗ ಬಂದಾಗ ಅವಳು ಕೈ ಹಿಂದೆ ತೆಗೆದುಕೊಂಡು ನನ್ನ ಕಡೆ ತಿರುಗಿದಳು.

"ಅಕ್ಕ, ನೀವು ಓದಿ. ನಾನು ಕೇಳ್ಕೊಂಡು ಹೊಡೀತೀನಿ. ನನಗೆ ಕಣ್ಣಿಂದ ನೋಡಿ ಹೊಡೆದು ಅಭ್ಯಾಸ ಇಲ್ಲ. ಕಿವಿಗೆ ಬಿದ್ದಿದ್ದು ತಪ್ಪಲ್ಲ."

"ನಾನು ತಪ್ಪು ಓದಿಬಿಟ್ರೆ?"

"ನೀವು ಬೇರೆಯವರ ತಪ್ಪು ಹುಡುಕೋದ್ರಲ್ಲಿ ಗಟ್ಟಿಗರು, ನೀವು ತಪ್ಪು ಓದಲ್ಲ."

ಇಂಥ ಹೊತ್ತಿನಲ್ಲೂ ಕೊಂಕು. ನಾನು ಕನ್ನಡಕ ಏರಿಸಿಕೊಂಡು ಕಾಗದ ಹಿಡಿದೆ. "ಏಳು," ಅಂದೆ. ಅವಳು ಎದುರಿನ ಗೋಡೆ ನೋಡುತ್ತಾ ಹೊಡೆದಳು. "ಕೆ. ನಾಲ್ಕು. ಒಂದು. ಎಂ. ಒಂಬತ್ತು. ಒಂದು."

ಹೊಲಿಯುವವರ ಕಣ್ಣು ಕೈಯ ಮೇಲೇ ಇರುತ್ತದೆ. ಎದುರಿಗೆ ಯಾರೇ ಕೂತು ಏನೇ ಮಾಡಲಿ, ನನ್ನ ಕಣ್ಣು ಮೊದಲು ಹೋಗುವುದು ಅವರ ಬೆರಳಿಗೆ. ಏಳು ಅಂದಾಗ ಅವಳ ಬಲಗೈಯ ತೋರುಬೆರಳು ಮೇಲಿನ ಸಾಲಿಗೆ ಹಾರಿತು. ನಾಲ್ಕು ಅಂದಾಗ ಎಡಗೈಯದ್ದು ಹಾರಿತು. ಒಂಬತ್ತಕ್ಕೂ ಹಾರಿತು. ಒಂದು ಅಂದಾಗ ಯಾವ ಬೆರಳೂ ಹಾರಲಿಲ್ಲ. ಬಲಗೈಯ ಉಂಗುರದ ಬೆರಳು ಕೂತಲ್ಲೇ ಒಂದು ಸಲ ಕುಟ್ಟಿತು.

"ತಡಿಯೇ," ಅಂದೆ. "ಕೋಡು ಕಳಿಸೋ ಕೊನೇ ಕೀ ಒತ್ತಬೇಡ."

"ಏನು?"

"ಅಂಕಿ ಎಲ್ಲ ಮೇಲಿನ ಸಾಲಲ್ಲಿದಾವೆ. ಎಲ್ಲಾದಕ್ಕೂ ನಿನ್ನ ಬೆರಳು ಮೇಲೆ ಹೋಯ್ತು. ಒಂದಕ್ಕೆ ಮಾತ್ರ ಯಾಕೆ ಹೋಗಲಿಲ್ಲ?"

"ಅಕ್ಕ, ನನಗೆ ಟೈಪಿಂಗ್ ಹೇಳ್ಕೊಡಬೇಡಿ."

"ನಾನು ಹೇಳ್ಕೊಡ್ತಿಲ್ಲ, ಕೇಳ್ತಿದೀನಿ. ಕೈ ನೋಡ್ಕೋ."

ಕೈ ನೋಡುವುದು ಅಂದರೆ ಅವಳಿಗೆ ಗೆಣ್ಣಿನ ಮೇಲೆ ಸ್ಕೇಲಿನ ಏಟು ಬಿದ್ದಷ್ಟೇ ಕಷ್ಟ. ಆದರೂ ಕತ್ತು ಬಗ್ಗಿಸಿದಳು. "ಮತ್ತೆ ಹೇಳಿ," ಅಂದಳು. "ಒಂದು," ಅಂದೆ. ಬೆರಳು ತಾನಾಗಿ ಅದೇ ಜಾಗದಲ್ಲಿ ಕುಟ್ಟಿತು. ಅವಳು ಬೆರಳೆತ್ತಿ ಕೆಳಗಿದ್ದ ಅಕ್ಷರ ನೋಡಿದಳು. ಇಂಗ್ಲಿಷಿನ ಎಲ್ ಇತ್ತು. ಒಂದರ ಕೀ ಇದ್ದದ್ದು ಮೇಲಿನ ಸಾಲಿನ ಎಡ ತುದಿಯಲ್ಲಿ, ಅವಳ ಎಡ ಕಿರುಬೆರಳು ಯಾವತ್ತೂ ಹೋಗದ ಮೂಲೆಯಲ್ಲಿ.

ಅವಳು ಎರಡೂ ಕೀಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ತನಗೆ ತಾನೇ ಹೇಳಿಕೊಂಡ ಹಾಗೆ ಹೇಳಿದಳು. ಅವಳು ಕಲಿತ ಟೈಪ್‌ರೈಟರಿನಲ್ಲಿ ಒಂದರ ಕೀಯೇ ಇರಲಿಲ್ಲ. ಆಗಿನ ಎಷ್ಟೋ ಮಷಿನ್ನುಗಳು ಹಾಗೇ ಇದ್ದವಂತೆ. ಒಂದು ಬೇಕಾದರೆ ಸಣ್ಣ ಎಲ್ ಹೊಡೀರಿ, ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತೆ ಅಂತ ಟೀಚರಮ್ಮ ಹೇಳಿಕೊಟ್ಟಿದ್ದರು. ಬಟ್ಟೆಯ ಕೆಳಗೆ ಕಲಿತದ್ದು ಬೆರಳಿನಲ್ಲೇ ಉಳಿದುಬಿಟ್ಟಿತ್ತು. ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದರೂ ಬೆರಳಿಗೆ ಸುದ್ದಿ ಮುಟ್ಟಿರಲಿಲ್ಲ. ರೋಗಿಯ ನಂಬರು, ತಾರೀಕು ಎಲ್ಲ ಪರದೆಯ ಮೇಲೆ ತಾವಾಗಿ ಬರುತ್ತಿದ್ದವು. ಅವಳ ಸ್ವಂತದ ಪಾಸ್‌ವರ್ಡಿನಲ್ಲಿ ಒಂದು ಇದ್ದರೂ, ಇಡುವಾಗಲೂ ಎಲ್, ತೆರೆಯುವಾಗಲೂ ಎಲ್. ಸಿಕ್ಕಿಬೀಳುವ ಸಂದರ್ಭವೇ ಬಂದಿರಲಿಲ್ಲ. ಕಣ್ಣಿನ ಚಿತ್ರ ಒತ್ತಿ ನೋಡಿದಾಗಲೂ ಪರದೆಯ ಮೇಲೆ ಎರಡೂ ಒಂದೇ ಥರ ಕಂಡು ನಮ್ಮಿಬ್ಬರಿಗೂ ಮೋಸ ಮಾಡಿದ್ದವು.

ಹೊಡೆದದ್ದನ್ನು ಅಳಿಸಿದಳು. ನಾನು ಮತ್ತೆ ಮೊದಲಿನಿಂದ ಓದಿದೆ. ಒಂದು ಬಂದಾಗಲೆಲ್ಲ ನಿಂತು, ಕಣ್ಣಿಂದ ನೋಡಿ, ಎಡ ಕಿರುಬೆರಳನ್ನು ಮೂಲೆಗೆ ಚಾಚಿ ಒತ್ತಿದಳು. ಹೊಸದಾಗಿ ನಡೆಯಲು ಕಲಿಯುವ ಮಗುವಿನ ಹಾಗೆ ಆ ಬೆರಳು ತಡವರಿಸುತ್ತಿತ್ತು. ಕೊನೆಯ ಕೀ ಒತ್ತುವ ಮೊದಲು ನನ್ನ ಮುಖ ನೋಡಿದಳು. "ಒತ್ತು," ಅಂದೆ.

ಬಾಗಿಲು ತೆರೆಯಿತು. ಆಸ್ಪತ್ರೆಯ ಹೆಸರು ಬಂತು, ಅವಳ ಹೆಸರು ಬಂತು, ಕೆಳಗೆ ಆ ದಿನ ಡಾಕ್ಟರು ಮಾತಾಡಿಟ್ಟಿದ್ದ ರಿಪೋರ್ಟುಗಳ ಸಾಲು ಬಂತು. ನಾನು ಕೆಳಗೆ ಕೇಳುವ ಹಾಗೆ, "ಆಯ್ತು," ಅಂತ ಕೂಗಿದೆ. ಮೈದುನ ಮೆಟ್ಟಿಲಲ್ಲಿ ಅರ್ಧ ಹತ್ತಿ ಬಂದು, "ನಿಜವಾಗ್ಲೂ?" ಅಂದ. ಅವನ ಮುಖದಲ್ಲಿ ಖುಷಿ ಇತ್ತು, ಸುಳ್ಳು ಹೇಳಬಾರದು.

ಅವಳ ಮುಖದಲ್ಲಿ ಇರಲಿಲ್ಲ. ಹೆಡ್‌ಫೋನು ಕೈಯಲ್ಲೇ ಹಿಡಿದು ಕೂತಿದ್ದಳು.

"ಏನಾಯ್ತೇ ಈಗ?"

"ಅಕ್ಕ, ಇಷ್ಟು ವರ್ಷ ನಾನು ಹೊಡೆದ ರಿಪೋರ್ಟಿನಲ್ಲೆಲ್ಲ ಒಂದು ಇರೋ ಕಡೆ ಎಲ್ ಇದೆ."

"ಇರಲಿ. ಕಾಗದದ ಮೇಲೆ ಯಾರಿಗೂ ಗೊತ್ತಾಗಿಲ್ವಲ್ಲ."

"ಕಾಗದದ ಮೇಲೆ ಗೊತ್ತಾಗಲ್ಲ. ಈಗ ಹಳೆ ರಿಪೋರ್ಟುಗಳನ್ನೆಲ್ಲ ಈ ನೆಟ್‌ವರ್ಕಿಗೆ ಹಾಕ್ತಿದಾರೆ. ಯಾರಿಗಾದ್ರೂ ಗಂಟು ಇತ್ತು ಅಂದ್ರೆ, ಹೋದ ವರ್ಷ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ ಅಂತ ಕಂಪ್ಯೂಟರೇ ಹೋಲಿಸಿ ಡಾಕ್ಟರಿಗೆ ತೋರಿಸುತ್ತಂತೆ. ನಾನು ಹನ್ನೊಂದು ಅಂತ ಹೊಡೆದಿದ್ರೆ ಅದಕ್ಕೆ ಅಲ್ಲಿ ಎರಡು ಎಲ್ ಕಾಣುತ್ತೆ. ಸಂಖ್ಯೆನೇ ಇಲ್ಲ ಅಂತ ದಾಟಿಕೊಂಡು ಹೋಗುತ್ತೆ. ಬೆಳೆದಿದ್ರೂ ಹೇಳಲ್ಲ."

ಅವಳು ಏನು ಮಾಡಲು ಹೊರಟಿದ್ದಾಳೆ ಅಂತ ನನಗೆ ಆಗ ಹೊಳೆಯಿತು. ಫೋನು ಕೈಗೆತ್ತಿಕೊಂಡಿದ್ದಳು. ನಾನು ಅವಳ ಮಣಿಕಟ್ಟು ಹಿಡಿದೆ. "ತಲೆ ಕೆಟ್ಟಿದೆಯಾ? ಈಗಷ್ಟೇ ಒಳಗೆ ಬಿಟ್ಟಿದಾರೆ. ಕೆಲಸ ಹೊರಗೆ ಕೊಡೋಕೆ ಅವರು ಒಂದು ನೆಪ ಹುಡುಕ್ತಿದಾರೆ. ಇರಲಾರದೆ ಇರುವೆ ಬಿಟ್ಕೊಂಡ ಹಾಗೆ ನೀನೇ ಯಾಕೆ ಕೊಡ್ತೀಯ?" ಮೈದುನ ಮೆಟ್ಟಿಲಲ್ಲೇ ನಿಂತು, "ಅತ್ತಿಗೆ ಹೇಳೋದು ಸರಿ. ಸೋಮವಾರದ ಮೀಟಿಂಗ್ ಕಳೀಲಿ, ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು," ಅಂದ.

"ಸೋಮವಾರದೊಳಗೆ ಯಾರದ್ದಾದ್ರೂ ಬಂದ್ರೆ?" ಅಂದಳು. ಹೆಬ್ಬೆರಳು ಆಗಲೇ ನಂಬರು ಹುಡುಕುತ್ತಿತ್ತು. ನಾನು ಮಣಿಕಟ್ಟು ಬಿಟ್ಟೆ. ಅವಳ ಅಮ್ಮ ನನಗೆ ನೆನಪಾದರು, ನಾನು ಒಂದು ಸಲವೂ ನೋಡಿರದ ಆ ಹೆಂಗಸು.

ಎಕ್ಸ್-ರೇ ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮನಿಗೇ ಫೋನ್ ಮಾಡಿದಳು. ನಮಗೂ ಕೇಳಲಿ ಅಂತ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು. ಟೈಪ್‌ರೈಟರಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಒಂದು ನೆಪವನ್ನೂ ಹೇಳಲಿಲ್ಲ, ಕ್ಷಮಿಸಿ ಅಂತ ಎರಡು ಸಲ ಹೇಳಲಿಲ್ಲ. ಕರೆ ಕಟ್ಟಾಯಿತೇನೋ ಅಂತ ನಾನು ಫೋನಿನ ಮೇಲೆ ಬಗ್ಗಿ ನೋಡಿದೆ.

"ಎಷ್ಟು ರಿಪೋರ್ಟಲ್ಲಿ ಇರಬಹುದು?" ಅಂತ ಕೇಳಿದರು ಡಾಕ್ಟರಮ್ಮ.

"ನಾನು ಮಾಡಿದ ಎಲ್ಲಾದ್ರಲ್ಲೂ."

"ಒಟ್ಟಿಗೆ ಕಂಪ್ಯೂಟರಿಗೆ ಹೇಳಿ ಬದಲಾಯಿಸೋಕಾಗಲ್ವಾ?"

"ಹಾಗೆ ಮಾಡಿದ್ರೆ ನಿಜವಾದ ಎಲ್ಲುಗಳೂ ಒಂದಾಗ್ತಾವೆ ಡಾಕ್ಟ್ರೇ. ಕೈಯಿಂದಲೇ ನೋಡ್ಬೇಕು. ಗಂಟು ಇರೋರ್ದು ಮೊದಲು ಮಾಡ್ತೀನಿ. ಇವತ್ತೇ ಶುರು ಮಾಡ್ತೀನಿ."

"ಮತ್ತೆ ದಿನದ ಕೆಲಸ?"

"ಅದೂ ಮಾಡ್ತೀನಿ. ಇವತ್ತಿಂದು ಇವತ್ತೇ."

ಮೈದುನ ಕಂಬಿ ಹಿಡಿದುಕೊಂಡು ನಿಂತಿದ್ದ.

"ನೀವು ಹೇಳದೆ ಇದ್ದಿದ್ರೆ ಇದು ನಿಮ್ಮಿಂದ ಆಗಿದ್ದು ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ. ಯಂತ್ರದ ತಪ್ಪು ಅಂದ್ಕೊಂಡಿರ್ತಿದ್ವಿ," ಅಂತ ಫೋನಿನಿಂದ ಬಂತು.

"ಗೊತ್ತು ಡಾಕ್ಟ್ರೇ."

"ಸೋಮವಾರ ಮೀಟಿಂಗಲ್ಲಿ ಯಾರ ಕೆಲಸ ಹೊರಗೆ ಕೊಡೋದು ಅಂತ ನನ್ನನ್ನ ಕೇಳ್ತಾರೆ," ಅಂದರು ಡಾಕ್ಟರಮ್ಮ. "ನಿಮ್ಮದು ಕೊಡೋಕೆ ನಾನು ಬಿಡಲ್ಲ. ಹೊರಗಿನ ಕಂಪನಿಯವರು ನನಗೆ ಇಂಥ ಫೋನ್ ಮಾಡಲ್ಲ."

ಅವಳು ಫೋನಿಟ್ಟು ಕಣ್ಣು ಒರೆಸಿಕೊಂಡಳು. ಮೂಗು ಒರೆಸಿಕೊಳ್ಳಲು ನನ್ನ ಗಿರಾಕಿಯ ಕೋಟಿನ ಬಟ್ಟೆಗೆ ಕೈ ಹಾಕಿದಳು, ನಾನು ಕಸಿದುಕೊಂಡು ಬೇರೆ ತುಂಡು ಕೊಟ್ಟೆ. ಇಷ್ಟು ವರ್ಷ ಇವಳ ಜೊತೆ ಬಾಳಿ, ಇವಳು ನನ್ನ ತಂಗಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅನಿಸಿದ್ದು ಅದೇ ಮೊದಲು. ಬಾಯಿಬಿಟ್ಟು ಹೇಳಲಿಲ್ಲ, ತಲೆ ಮೇಲೆ ಕೂರುತ್ತಾಳೆ.

ಹೇಳುವ ಬದಲು ಹೊಲಿಗೆ ಪೆಟ್ಟಿಗೆಯಿಂದ, ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿ ತೆಗೆದು, ಅವಳ ಬಲಗೈಯ ಉಂಗುರದ ಬೆರಳಿಗೆ ಸಿಕ್ಕಿಸಿದೆ. "ಈ ಬೆರಳು ಕುಟ್ಟಿದಾಗಲೆಲ್ಲ ತಗಡು ಸದ್ದು ಮಾಡುತ್ತೆ. ಆಗ ನೋಡ್ಕೋ, ಎಲ್ ಬೇಕಿತ್ತೋ, ಒಂದು ಬೇಕಿತ್ತೋ ಅಂತ." ಅವಳು ಬೆರಳಾಡಿಸಿ ನೋಡಿದಳು. ಹೆಡ್‌ಫೋನು ಏರಿಸಿಕೊಂಡು ಆ ದಿನದ ಮೊದಲ ರಿಪೋರ್ಟು ತೆರೆದಳು. ನಾನು ಹೊಲಿಗೆ ಮಷಿನ್ನನ್ನು ಮೇಜು ಅಲುಗದಷ್ಟು ದೂರ ಸರಿಸಿ ಕೋಟಿಗೆ ಕೂತೆ.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ನಮ್ಮ ಯಜಮಾನರು ಕೂಗಿದರು. ಹಸಿವಾಗುತ್ತಿದೆಯಂತೆ, ಊಟಕ್ಕೆ ಬಡಿಸುವವರು ಯಾರಾದರೂ ಇದ್ದಾರೆಯೇ ಅಂತ.

"ನೀವೇ ಬಡಿಸ್ಕೊಳ್ಳಿ," ಅಂದೆ. "ಇಲ್ಲಿ ಇಬ್ಬರು ಕೆಲಸದಲ್ಲಿದೀವಿ."